ಉಕ್ಕಿನ ಕೋಟೆಯೂ ಹಳಿ ತಪ್ಪಿದ ಕತೆಯೂ



ನಾನು ಹೈಸ್ಕೂಲಿನಲ್ಲಿದ್ದಾಗ, 1990ರ ದಶಕದಲ್ಲಿ, ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ‘ಜಂಗಲ್ ಬುಕ್’ ಬರುತ್ತಿತ್ತು. ಪಕ್ಕದ ಮನೆಯ ಟಿ.ವಿ. ಮುಂದೆ ನಾವು ಹತ್ತು ಹನ್ನೆರಡು ಮಕ್ಕಳು ಸೇರುತ್ತಿದ್ದೆವು. ಹಿಂದಿಯಲ್ಲಿ ಮಾತನಾಡುತ್ತಿದ್ದ ಆ ಮೋಗ್ಲಿಯನ್ನು ಚಿತ್ರಿಸಿದವರು ಜಪಾನಿನವರೆಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ. ನಿಮಗಾದರೋ ಆನಿಮೆ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಅಂಥ ಒಂದು ಧಾರಾವಾಹಿಯ ಬಗ್ಗೆ ಇಂದು ನಿಮ್ಮೊಡನೆ ಮಾತನಾಡುತ್ತೇನೆ. ಹೆಸರು ‘ಕಬನೇರಿ ಆಫ್ ದಿ ಐರನ್ ಫೋರ್ಟ್ರೆಸ್’. 2016ರ ಏಪ್ರಿಲ್‌ನಿಂದ ಜೂನ್‌ವರೆಗೆ ಜಪಾನಿನಲ್ಲಿ 12 ಕಂತುಗಳಲ್ಲಿ ಪ್ರಸಾರವಾಯಿತು. ತಯಾರಿಕೆ ವಿಟ್ ಸ್ಟುಡಿಯೋ, ನಿರ್ದೇಶನ ತೆತ್ಸುರೋ ಅರಾಕಿ. ‘ಅಟ್ಯಾಕ್ ಆನ್ ಟೈಟನ್’ ನೋಡಿದವರಿಗೆ ಇವರ ಪರಿಚಯವಿರುತ್ತದೆ.

ಕತೆಯ ಲೋಕವೇ ಸೊಗಸು. ಹಿನೊಮೊತೊ ಎಂಬ ದ್ವೀಪ, ಉಗಿಯಂತ್ರಗಳ ಕಾಲ. ಸತ್ತೂ ಸಾಯದ ‘ಕಬನೆ’ಗಳು ನಾಡೆಲ್ಲ ತುಂಬಿವೆ. ಅವುಗಳ ಹೃದಯಕ್ಕೆ ಕಬ್ಬಿಣದ ಕವಚ. ಜನ ಎತ್ತರದ ಗೋಡೆಗಳ ನಡುವಿನ ‘ನಿಲ್ದಾಣ’ಗಳಲ್ಲಿ ಅಡಗಿದ್ದಾರೆ. ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಹೋಗಲು ಉಕ್ಕಿನ ಹೊದಿಕೆಯ ರೈಲು ಬಿಟ್ಟರೆ ಬೇರೆ ದಾರಿಯಿಲ್ಲ. ಯೋಧರು ಬೆನ್ನ ಮೇಲೆ ಪುಟ್ಟ ಬಾಯ್ಲರ್ ಹೊತ್ತು ಉಗಿಯ ಒತ್ತಡದಿಂದ ಬಂದೂಕು ಹಾರಿಸುತ್ತಾರೆ. ನಾನು ವಿಜ್ಞಾನ ಓದಿದವನು; ನೀರು ಕುದಿದು ಉಗಿಯಾದಾಗ ಅದರ ಗಾತ್ರ 1,600 ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆಂದು ಬಲ್ಲೆ. ಆದರೂ ಆ ಬಾಯ್ಲರ್‌ಗೆ ಸೌದೆ ಎಲ್ಲಿಂದ ಎಂದು ಕೇಳಲು ಹೋಗಲಿಲ್ಲ. ನೋಡಲು ಅಷ್ಟು ಚೆನ್ನಾಗಿತ್ತು!

ಆ ಚೆಂದದ ಹಿಂದಿನ ದುಡಿಮೆಯನ್ನೂ ಸ್ವಲ್ಪ ಕೇಳಿ. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು. ಜಪಾನಿನ ಟಿ.ವಿ. ಧಾರಾವಾಹಿಗಳಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಮೂರು ಚೌಕಟ್ಟುಗಳ ಕಾಲ ಹಿಡಿದಿಡುತ್ತಾರೆ. ಅಂದರೆ ಸೆಕೆಂಡಿಗೆ ಎಂಟು ಚಿತ್ರ. ಸಮಯ ಉಳಿಸುವ ಉಪಾಯ ಇದು. ಆದರೆ ಇಲ್ಲಿ ಪಾತ್ರಗಳನ್ನು ರೂಪಿಸಿದವರು ಹರುಹಿಕೊ ಮಿಕಿಮೊತೊ, 1982ರ ‘ಮ್ಯಾಕ್ರಾಸ್’ನಿಂದ ಹೆಸರಾದ ಕಲಾವಿದರು. ಅವರ ಕುಂಚದ ನಯ ತೆರೆಯ ಮೇಲೂ ಬರಬೇಕೆಂದು ಸ್ಟುಡಿಯೋ ‘ಮೇಕಪ್’ ಕಲಾವಿದರ ಒಂದು ತಂಡವನ್ನೇ ನೇಮಿಸಿತು. ಮುಖ್ಯ ಚಿತ್ರಿಕೆಗಳಲ್ಲಿ ಮುಖಕ್ಕೆ, ಕಣ್ಣಿಗೆ, ಕೂದಲಿಗೆ ಮತ್ತೊಮ್ಮೆ ಬಣ್ಣ, ನೆರಳು ತೀಡುವುದು ಅವರ ಕೆಲಸ. ಮುಮೆಯ್ ಎಂಬ ಹುಡುಗಿ ತಿರುಗಿ ನೋಡುವ ಒಂದು ಗಳಿಗೆಯನ್ನು ನಿಲ್ಲಿಸಿ ನೋಡಿ, ಗೋಡೆಗೆ ತೂಗುಹಾಕಬಹುದು.

ಇನ್ನು ಕತೆ. ಇಕೋಮ ರೈಲ್ವೆ ಕಾರ್ಖಾನೆಯ ಕೆಲಸಗಾರ, ತಂಗಿಯನ್ನು ಕಬನೆಗಳಿಂದ ಕಳೆದುಕೊಂಡವನು. ಮೊದಲ ಕಂತಿನಲ್ಲೇ, ಸೋಂಕಿನ ಶಂಕೆಯ ಮೇಲೆ ಒಬ್ಬನನ್ನು ಯೋಧರು ಗುಂಡಿಟ್ಟು ಕೊಲ್ಲುತ್ತಾರೆ. ಅಡ್ಡ ಬಂದ ಇಕೋಮನಿಗೆ ಸೆರೆಮನೆ. ಮುಂದೆ ಕಬನೆ ಅವನನ್ನೇ ಕಚ್ಚುತ್ತದೆ. ವಿಷ ಮಿದುಳಿಗೆ ಏರದಂತೆ ತನ್ನ ಕತ್ತನ್ನು ತಾನೇ ಬಿಗಿದು ಅರ್ಧ ಮನುಷ್ಯ, ಅರ್ಧ ಕಬನೆಯಾಗಿ ಉಳಿಯುತ್ತಾನೆ. ಈಗ ರೈಲಿನಲ್ಲಿರುವ ಜನ ಇವನನ್ನು ಏನು ಮಾಡಬೇಕು? ಇವನಿಗೆ ಬದುಕಲು ರಕ್ತ ಬೇಕು. ದೊರೆಯ ಮಗಳು ಅಯಾಮೆ ತನ್ನ ರಕ್ತ ಕೊಡಲು ಮುಂದಾಗುತ್ತಾಳೆ. ಹೆದರಿದ ಜನ, ಶಂಕಿತನಾದ ಒಬ್ಬ ಒಳ್ಳೆಯ ಹುಡುಗ, ಇಬ್ಬರೂ ಒಂದೇ ಬೋಗಿಯಲ್ಲಿ. 2020ರಲ್ಲಿ ನಮ್ಮ ಬೀದಿಗಳಲ್ಲಿ ಸೋಂಕಿತರ ಮನೆ ಬಾಗಿಲಿಗೆ ಪಟ್ಟಿ ಬಡಿದದ್ದನ್ನು ಕಂಡ ನಿಮಗೆ ಇದರ ತೂಕ ಗೊತ್ತು.

ಆದರೆ ಏಳನೆಯ ಕಂತಿನ ಹೊತ್ತಿಗೆ ಶೋಗನ್‌ನ ಮಗ ಬಿಬಾ ಬರುತ್ತಾನೆ. ಅವನಿಗೆ ತಂದೆಯ ಮೇಲೆ ಹಳೆಯ ಸೇಡು. ದುರ್ಬಲರು ಸಾಯಲಿ ಎನ್ನುವುದು ಅವನ ಸಿದ್ಧಾಂತ. ಅಲ್ಲಿಂದ ರೈಲೂ ಅವನದು, ಕತೆಯೂ ಅವನದು. ತನ್ನವರ ನಡುವೆ ಬಾಳುವ ಇಕೋಮನ ಪ್ರಶ್ನೆ ಮೂಲೆಗೆ ಬೀಳುತ್ತದೆ. ಅಷ್ಟು ಜಾಣೆಯಾದ ಮುಮೆಯ್ ಬಿಬಾನ ಮಾತಿಗೆ ಗೊಂಬೆಯಂತೆ ಕುಣಿಯುತ್ತಾಳೆ. ಬೇಕಾದಾಗ ಒಂದು ಹೊಸ ಔಷಧ, ಬೇಕಾದಾಗ ಒಂದು ದೈತ್ಯ. ಕಂತೊಂದಕ್ಕೆ ಇಪ್ಪತ್ತೆರಡು ನಿಮಿಷದ ಲೆಕ್ಕದಲ್ಲಿ ಉಳಿದದ್ದು ಎರಡು ಗಂಟೆ ಚಿಲ್ಲರೆ. ಅಷ್ಟರಲ್ಲಿ ರಾಜಧಾನಿಯೇ ಉರಿದುಹೋಗಬೇಕು. ಚಿತ್ರ ಮಾತ್ರ ಕೊನೆಯವರೆಗೂ ಮಾಸಲಿಲ್ಲ. ನನಗೆ ಬೇಸರವಾದದ್ದೂ ಅದಕ್ಕೇ. ಪೂರಾ ಕೆಟ್ಟದ್ದಾಗಿದ್ದರೆ ಎದ್ದು ಹೋಗುತ್ತಿದ್ದೆ.

ಇದನ್ನು ದೂರುವ ಹಕ್ಕು ನನಗಿದೆಯೇ? ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆರೆಯೊಂದರ ಮೇಲೆ ಅರ್ಧ ಗಂಟೆಯ ಕಾರ್ಯಕ್ರಮ ಮಾಡಿದ್ದೆ. ಮಂಜು, ಬೆಳ್ಳಕ್ಕಿ, ಸೂರ್ಯೋದಯ. ಒಂದು ಸೂರ್ಯೋದಯಕ್ಕಾಗಿ ಮೂರು ದಿನ ಕಾದೆ. ಪ್ರಸಾರವಾದ ಮೇಲೆ ಒಬ್ಬ ಹುಡುಗಿಯಿಂದ ಕಾರ್ಡು ಬಂತು: ‘ಸಾರ್, ಕೆರೆ ತುಂಬಾ ಚೆನ್ನಾಗಿತ್ತು. ಆದರೆ ನೀರು ಯಾಕೆ ಕಮ್ಮಿಯಾಯ್ತು ಅಂತ ನೀವು ಹೇಳಲೇ ಇಲ್ಲ.’ ಹೇಳುತ್ತೇನೆಂದು ಮೊದಲ ನಿಮಿಷದಲ್ಲೇ ಮಾತು ಕೊಟ್ಟಿದ್ದೆ. ಆ ಕಾರ್ಡು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ.

ನಿಮ್ಮಲ್ಲಿ ಆನಿಮೇಷನ್ ಕಲಿಯಬೇಕೆನ್ನುವವರು ಬಹಳ ಮಂದಿ ಇದ್ದೀರಿ. ಒಂದು ಕೆಲಸ ಮಾಡಿ. ಈ ಧಾರಾವಾಹಿಯನ್ನು ಆರನೆಯ ಕಂತಿನವರೆಗೆ ನೋಡಿ ನಿಲ್ಲಿಸಿ. ಬಿಬಾನನ್ನು ಕರೆತರದೆ ಉಳಿದ ಆರು ಕಂತುಗಳ ಕತೆಯನ್ನು ಎರಡು ಪುಟದಲ್ಲಿ ಬರೆಯಿರಿ. ಇಕೋಮ ಆ ರೈಲಿನಲ್ಲೇ ಇರಲಿ, ಜನರೂ ಇರಲಿ. ಬರೆದದ್ದನ್ನು ನಮ್ಮ ವಿಳಾಸಕ್ಕೆ ಕಳಿಸಿದರೆ ನಾನೇ ಕೂತು ಓದುತ್ತೇನೆ.