ಹನ್ನೊಂದು ಗೆಲುವು, ಒಂದು ಸೋಲು

ಕನ್ನಡ ಪಾಠ ಹೇಳಿ ನಿವೃತ್ತನಾದವನು ಚೆಂಡಾಟದ ಮಾತೆತ್ತಿದರೆ ಶ್ರೋತೃಗಳಿಗೆ ಅಚ್ಚರಿಯಾದೀತು. ಆದರೆ ನಾನಿಂದು ಹೇಳಹೊರಟಿರುವ ಆಟದ ಕಥೆಯೊಳಗೆ ನುಡಿಯ ಕಥೆಯೊಂದು ಅಡಗಿದೆ. ನನ್ನನ್ನು ಸೆಳೆದದ್ದು ಅದು.

ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಕಾರ್ಲೈಲ್ ಎಂಬ ಊರಿದೆ. 1879ರಲ್ಲಿ ರಿಚರ್ಡ್ ಹೆನ್ರಿ ಪ್ರ್ಯಾಟ್ ಎಂಬ ಸೇನಾಧಿಕಾರಿ ಅಲ್ಲಿಯ ಹಳೆಯ ಸೈನಿಕ ವಸತಿಗಳಲ್ಲಿ ಒಂದು ಶಾಲೆಯನ್ನು ತೆರೆದನು. ಆ ನಾಡಿನ ಮೂಲನಿವಾಸಿಗಳ ಮಕ್ಕಳನ್ನು ನೂರಾರು ಮೈಲಿ ದೂರದಿಂದ ತಂದು ಅಲ್ಲಿರಿಸಲಾಯಿತು. ಅವರ ನೀಳ ಕೂದಲನ್ನು ಕತ್ತರಿಸಿದರು, ಹೊಸ ಹೆಸರುಗಳನ್ನಿಟ್ಟರು, ತಾಯ್ನುಡಿಯನ್ನಾಡಿದರೆ ಶಿಕ್ಷಿಸಿದರು. ಒಳಗಿರುವ ಇಂಡಿಯನ್ನನನ್ನು ಕೊಂದು ಮನುಷ್ಯನನ್ನು ಉಳಿಸಬೇಕು ಎಂಬುದು ಪ್ರ್ಯಾಟನ ಸಿದ್ಧಾಂತ. ಇದನ್ನು ಅವನು 1892ರಲ್ಲಿ ತುಂಬಿದ ಸಭೆಯಲ್ಲಿಯೇ ಸಾರಿದನು.

ಇಂತಹ ಶಾಲೆಯ ತಂಡವೊಂದು 1911ರಲ್ಲಿ ಅಮೆರಿಕದ ಹೆಸರಾಂತ ಕಾಲೇಜುಗಳನ್ನು ಎದುರಿಸಿ ನಿಂತಿತು. ಆಟ ಅಮೆರಿಕನ್ ಫುಟ್‌ಬಾಲ್. ಇದು ನಾವು ಬಲ್ಲ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು, ಎದುರಾಳಿಗಳ ಸಾಲನ್ನು ಭೇದಿಸಿ ಓಡುವ, ಕೆಲವು ವೇಳೆ ಮಾತ್ರ ಕಾಲಿನಿಂದ ಒದೆಯುವ ಆಟ. ಗ್ಲೆನ್ ವಾರ್ನರ್ ತರಬೇತುದಾರ. ತಂಡದ ಕಣ್ಮಣಿ ಜಿಮ್ ಥಾರ್ಪ್, ಸ್ಯಾಕ್ ಮತ್ತು ಫಾಕ್ಸ್ ಜನಾಂಗದವನು. ತನ್ನವರ ನುಡಿಯಲ್ಲಿ ಅವನಿಗಿದ್ದ ಹೆಸರು ವಾ-ಥೊ-ಹಕ್. ಬೆಳಗುವ ದಾರಿ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಆಟದ ದಿಕ್ಕನ್ನು ನಿರ್ಧರಿಸುತ್ತಿದ್ದ ಗಸ್ ವೆಲ್ಚ್ ಒಜಿಬ್ವೆ ಜನಾಂಗದವನು. ಹೀಗೆ ಬೇರೆ ಬೇರೆ ನುಡಿಗಳ ಹುಡುಗರು ಒಂದೇ ಅಂಗಣದಲ್ಲಿ ಕೂಡಿದರು. ಅವರೆಲ್ಲರಿಗೂ ಸಮಾನವಾಗಿದ್ದ ಭಾಷೆಯೆಂದರೆ, ತಾಯ್ನುಡಿಯನ್ನು ತೊಲಗಿಸಿ ಮೇಲಿನಿಂದ ಹೇರಿದ್ದ ಇಂಗ್ಲಿಷು. ಆ ಹೇರಿಕೆಯ ಮಾತಿನಲ್ಲಿಯೇ ಅವರು ಒಬ್ಬರಿಗೊಬ್ಬರು ಒಡನಾಡಿಗಳಾದರು. ಇತಿಹಾಸದ ಇಂತಹ ತೊಡಕುಗಳನ್ನು ಸರಳಗೊಳಿಸಲು ನನಗೆ ಮನಸ್ಸಿಲ್ಲ.

ಆ ವರ್ಷದ ನವೆಂಬರ್ 11ರಂದು ಅವರು ಹಾರ್ವರ್ಡ್ ವಿಶ್ವವಿದ್ಯಾಲಯದ ಅಂಗಣಕ್ಕಿಳಿದರು. ಹಾರ್ವರ್ಡಿನವರು ಮೊದಲಿಗೆ ತಮ್ಮ ಮುಖ್ಯ ಆಟಗಾರರನ್ನು ಕಣಕ್ಕಿಳಿಸಲೂ ಇಲ್ಲ. ಎದುರಾಳಿಗಳನ್ನು ಅಷ್ಟು ಹಗುರವಾಗಿ ಎಣಿಸಿದ್ದರು. ಥಾರ್ಪನ ಕಾಲಿಗೆ ಪೆಟ್ಟಾಗಿ ಪಟ್ಟಿ ಸುತ್ತಲಾಗಿತ್ತು. ಅದೇ ಕಾಲನ್ನು ಹೊತ್ತುಕೊಂಡು ಅವನು ನಾಲ್ಕು ಬಾರಿ ಚೆಂಡನ್ನು ಗೋಲುಗಂಬಗಳ ನಡುವೆ ಹಾಯಿಸಿದನು. ಒಂದೊಂದಕ್ಕೂ ಮೂರು ಅಂಕ. ಕೊನೆಗೆ ಕಾರ್ಲೈಲ್ 18, ಹಾರ್ವರ್ಡ್ 15. ಮುಂದಿನ ವಾರ ಸಿರಾಕ್ಯೂಸ್‌ನೆದುರು 11ಕ್ಕೆ 12ರಂತೆ ಒಂದೇ ಅಂಕದಿಂದ ಸೋತರು. ಆ ಋತುವಿನಲ್ಲಿ ಅವರು ಕಂಡ ಸೋಲು ಅದೊಂದೇ, ಗೆಲುವುಗಳು ಹನ್ನೊಂದು.

ಈ ಗೆಲುವು ಯಾರದು? ಶಾಲೆಯ ಹಿರಿಯರು ಅದನ್ನು ತಮ್ಮ ಪದ್ಧತಿಯ ಸಾಫಲ್ಯವೆಂದು ತೋರಿಸಬಹುದಿತ್ತು. ಪಂದ್ಯಗಳ ಹಣ ಹುಡುಗರ ಬೆವರಿನಿಂದ ಬಂದುದಾದರೂ ಅದರ ಲೆಕ್ಕ ಅವರ ಕೈಯಲ್ಲಿರಲಿಲ್ಲ. ನನಗನಿಸುವುದು ಇಷ್ಟು: ಆ ಶಾಲೆ ಅಳಿಸಲೆಳಸಿದ್ದ ಹುರುಪೇ ಅಂಗಣದಲ್ಲಿ ಎದ್ದು ನಿಂತಿತ್ತು. ಇದಕ್ಕೆ ಸಾಕ್ಷಿ ಆಟದ ಹೊರಗೆ ದೊರೆಯುತ್ತದೆ. ಅದೇ ಗಸ್ ವೆಲ್ಚ್ ಮುಂದೆ ವಿದ್ಯಾರ್ಥಿಗಳ ಸಹಿ ಸಂಗ್ರಹಿಸಿ, ಶಾಲೆಯ ಆಡಳಿತದ ವಿಚಾರಣೆಯಾಗಬೇಕೆಂದು ಬಿನ್ನವಿಸಿಕೊಂಡನು. 1914ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೇ ವಿಚಾರಣೆ ನಡೆಸಿತು. ಫುಟ್‌ಬಾಲಿನ ಹಣದ ವ್ಯವಹಾರವೂ ಅಲ್ಲಿ ಚರ್ಚೆಗೆ ಬಂತು. ಅಂಗಣದಲ್ಲಿ ತಂಡವನ್ನು ನಡೆಸಿದವನಿಗೆ ಅಂಗಣದ ಹೊರಗೂ ದನಿ ಬಂದಿತ್ತು.

ಥಾರ್ಪನ ಕೀರ್ತಿಗೂ ಗ್ರಹಣ ಹಿಡಿಯಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಗೆದ್ದ ಎರಡು ಚಿನ್ನದ ಪದಕಗಳನ್ನು, ಹಿಂದೆ ಹಣಕ್ಕಾಗಿ ಬೇಸ್‌ಬಾಲ್ ಆಡಿದ್ದನೆಂಬ ಕಾರಣ ಹೇಳಿ, ಮರುವರ್ಷ ಕಿತ್ತುಕೊಂಡರು. ಅವನು 1953ರಲ್ಲಿ ತೀರಿಕೊಂಡನು. ಆ ಎರಡು ಸ್ಪರ್ಧೆಗಳ ಏಕೈಕ ವಿಜೇತ ಅವನೇ ಎಂದು ಮತ್ತೆ ದಾಖಲಿಸಿದ್ದು 2022ರಲ್ಲಿ. ಗೆದ್ದವನಿಗೆ ದೇಶದ ಪೌರತ್ವದ ವಿಷಯವೂ ಹೀಗೆಯೇ. ಮೂಲನಿವಾಸಿಗಳೆಲ್ಲರನ್ನೂ ಪೌರರೆಂದು ಕಾನೂನು ಒಪ್ಪಿದ್ದು 1924ರಲ್ಲಿ, ಆ ಹನ್ನೊಂದು ಗೆಲುವುಗಳಾಗಿ ಹದಿಮೂರು ವರ್ಷಗಳ ಮೇಲೆ.

ಶಾಲೆ 1918ರಲ್ಲಿ ಮುಚ್ಚಿತು. ಅದರ ಸ್ಮಶಾನದಲ್ಲಿ ಮನೆಗೆ ಮರಳದ ಮಕ್ಕಳ ಗೋರಿಗಳು ನೂರಕ್ಕೂ ಮಿಕ್ಕಿ ಇದ್ದವು. 2017ರಿಂದ ಈಚೆಗೆ ಅಮೆರಿಕದ ಸೇನೆ ಅವುಗಳನ್ನು ಒಂದೊಂದಾಗಿ ತೆರೆದು, ಅಸ್ಥಿಗಳನ್ನು ಅವರವರ ಬಂಧುಗಳಿಗೆ ಒಪ್ಪಿಸುತ್ತ ಬಂದಿದೆ. 2024ರಲ್ಲಿ ಅಮೆರಿಕದ ಅಧ್ಯಕ್ಷರು ಇಂತಹ ಶಾಲೆಗಳಿಗಾಗಿ ಕ್ಷಮೆ ಕೋರಿದರು. ಹಾರ್ವರ್ಡನ್ನು ಮಣಿಸಿದ ಹುಡುಗರ ಹೆಸರುಗಳನ್ನು ಆಟದ ಚರಿತ್ರೆ ಜೋಪಾನವಾಗಿ ಕಾಯ್ದಿದೆ. ಆ ಗೋರಿಗಳಲ್ಲಿ ಕೆಲವುಗಳ ಮೇಲೆ ಹೆಸರೇ ಇರಲಿಲ್ಲ. ಗೆಲುವಿನ ಕಥೆಯನ್ನು ಓದುವಾಗ ಈ ಎರಡನೆಯ ಪಟ್ಟಿಯನ್ನೂ ನಾವು ಜೊತೆಗಿಟ್ಟುಕೊಂಡು ಓದಬೇಕು.