ಇಂಗ್ಲಿಷ್ ಪದ: ಬಾಯಿಪಾಠ ಬಿಡಿ, ಬೇರು ಹಿಡಿಯಿರಿ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಹಾಸ್ಟೆಲುಗಳಲ್ಲಿ ಹಲವರು ಡಿಕ್ಷನರಿ ಹಿಡಿದು 'ಎ'ಯಿಂದ ಬಾಯಿಪಾಠ ಶುರು ಮಾಡ್ತಾರೆ. 'ಬಿ' ಮುಟ್ಟೋ ಹೊತ್ತಿಗೆ 'ಎ' ಮರೆತುಹೋಗಿರುತ್ತೆ. ಇಂಗ್ಲಿಷು ನಮ್ಮಂಥವರಿಗಲ್ಲ ಅಂತ ಪುಸ್ತಕ ಮುಚ್ಚಿಬಿಡ್ತಾರೆ. ದಾರಿ ಕೆಟ್ಟಿರುವಾಗ ತಲೆಯನ್ನು ಯಾಕೆ ಬೈಯಬೇಕು?

'ಡಿಸ್‌ಎಬಿಲಿಟಿ' ಅನ್ನೋ ಪದ ತಗೊಳ್ಳೋಣ. ಪಾಕೆಟ್ ಡಿಕ್ಷನರಿ ಅಂಗವಿಕಲತೆ ಅನ್ನುತ್ತೆ. ಆದರೆ ಸಂವಿಧಾನದ 17ನೇ ವಿಧಿಯನ್ನು ಇಂಗ್ಲಿಷಿನಲ್ಲೇ ಓದಿ. ಅಸ್ಪೃಶ್ಯತೆಯಿಂದ ಹುಟ್ಟುವ ಯಾವ ಡಿಸ್‌ಎಬಿಲಿಟಿಯನ್ನು ಹೇರಿದರೂ ಅಪರಾಧ ಅಂತಿದೆ. ಅಲ್ಲಿ ಕೈಕಾಲಿನ ಮಾತೇ ಇಲ್ಲ. ಬಾವಿ ಮುಟ್ಟಬೇಡ, ಹೋಟೆಲಿನೊಳಗೆ ಬರಬೇಡ, ಗುಡಿ ಹತ್ತಬೇಡ ಅನ್ನುವ ತಡೆಗೆ ಕಾನೂನು ಇಟ್ಟ ಹೆಸರದು. ಇದು ಗೊತ್ತಿಲ್ಲದವರು ನಾಳೆ ಕೋರ್ಟಿನ ಕಾಗದ ಬಂದಾಗ ಇನ್ನೊಬ್ಬರ ಬಾಯಿ ನೋಡ್ತಾ ನಿಲ್ಲಬೇಕಾಗುತ್ತೆ.

ಅದಕ್ಕೇ ನಾವು ಹೇಳೋದು, ಪದವನ್ನು ವಾಕ್ಯದ ಸಮೇತ ಹಿಡಿಯಿರಿ. ಅದರ ನೆಂಟರನ್ನೂ ಕರೆಯಿರಿ. ಲ್ಯಾಟಿನ್ ಭಾಷೆಯಲ್ಲಿ 'ಮಾನುಸ್' ಅಂದರೆ ಕೈ. ಮ್ಯಾನುಸ್ಕ್ರಿಪ್ಟ್, ಕೈಬರಹ. ಮ್ಯಾನ್ಯುಯಲ್ ಸ್ಕ್ಯಾವೆಂಜಿಂಗ್‌ನಲ್ಲೂ ಅದೇ ಕೈ (1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು; ಗುಂಡಿಗಿಳಿದು ಸಾಯೋರು ಮಾತ್ರ ಇನ್ನೂ ನಮ್ಮವರೇ). ಇಮ್ಯಾನ್ಸಿಪೇಷನ್ ಅಂದರೆ ಒಡೆಯನ ಕೈಹಿಡಿತದಿಂದ ಬಿಡುಗಡೆ. ಬೇರು ಒಂದೇ.

ಬಾಬಾಸಾಹೇಬರ 1936ರ ಪುಸ್ತಕದ ಹೆಸರಿನಲ್ಲಿ 'ಅನಿಹಿಲೇಷನ್' ಇದೆ. 'ನಿಹಿಲ್' ಅಂದರೆ ಏನೂ ಇಲ್ಲ. ಜಾತಿಯನ್ನು ತಿದ್ದಿ ತೀಡುವ ಮಾತನ್ನು ಅವರು ಆಡಲಿಲ್ಲ, ಇಲ್ಲವಾಗಿಸುವ ಮಾತಾಡಿದರು. ಲಾಹೋರಿನ ಸಂಘಟಕರು ಭಾಷಣದ ಪ್ರತಿ ನೋಡಿ ಬೆಚ್ಚಿ ಸಭೆಯನ್ನೇ ನಿಲ್ಲಿಸಿದರು. ಬಾಬಾಸಾಹೇಬರು ಅದನ್ನು ತಾವೇ ಅಚ್ಚು ಹಾಕಿಸಿದರು.

ಯಾವ ಪದ ಮೊದಲು ಅಂತ ಕೇಳ್ತೀರಿ. ಆವರಿಲ್ ಕಾಕ್ಸ್‌ಹೆಡ್ ಅನ್ನೋರು ಕಾಲೇಜು ಓದಿನಲ್ಲಿ ಮತ್ತೆ ಮತ್ತೆ ಎದುರಾಗುವ ಪದಗಳನ್ನು ಆರಿಸಿ 2000ದಲ್ಲಿ 570 ಪದಕುಟುಂಬಗಳ ಪಟ್ಟಿ ಕೊಟ್ಟಿದ್ದಾರೆ. ದಿನಕ್ಕೆ ಎರಡರಂತೆ ಹಿಡಿದರೆ ವರ್ಷದೊಳಗೆ ಮುಗಿಯುತ್ತೆ. ಮೂವತ್ತು ದಿನದಲ್ಲಿ ಇಂಗ್ಲಿಷ್ ಕಲಿಸ್ತೀವಿ ಅನ್ನೋರಿಗೆ ದುಡ್ಡು ಸುರೀಬೇಡಿ. ಒಂದು ನೋಟ್‌ಬುಕ್ಕು ಸಾಕು. ಪದ, ಅದು ಸಿಕ್ಕ ವಾಕ್ಯ, ಕೆಳಗೆ ನಿಮ್ಮ ಸ್ವಂತ ವಾಕ್ಯ. ಮಾರನೇ ದಿನ, ವಾರ ಬಿಟ್ಟು, ತಿಂಗಳು ಬಿಟ್ಟು, ಪುಟ ಮುಚ್ಚಿ ನೆನಪು ಮಾಡಿಕೊಳ್ಳಿ.

ಸ್ವಂತ ವಾಕ್ಯ ನಮ್ಮ ಕೇರಿಯಿಂದಲೇ ಬರಲಿ. 'ಡಿಸ್‌ಎಬಿಲಿಟಿ'ಗೆ ಇವತ್ತು ರಾತ್ರಿಯೇ ಒಂದು ಬರೆದು ಪಕ್ಕದ ರೂಮಿನವರಿಗೆ ಓದಿ ಹೇಳಿ. ಅವರಿಗೆ ಅರ್ಥ ಆಗದಿದ್ದರೆ ತಿರುಗಿ ಬರೆಯಿರಿ.