ಮುತ್ಯಾನ ಇಬ್ಬರು ಅಳಿಯಂದಿರು

ಈ ಸಲ ಗೆಸ್ಟ್ ಯಾರೂ ಇಲ್ಲ, ನಾನೊಬ್ಬನೇ. ಯುಗಾದಿ ಹತ್ತಿರ ಬಂತು. ಫೋನ್ ತೆರೆದರೆ ಸಾಕು, ಶ್ರೀಶೈಲಕ್ಕೆ ನಡೆದುಕೊಂಡು ಹೋಗುವವರ ರೀಲ್ಸ್. ನೋಡಿದಾಗಲೆಲ್ಲ ನಮ್ಮ ಮುತ್ಯಾ ನೆನಪಾಗ್ತಾನೆ. ವಿಜಯಪುರದ ಕಡೆ ನಾವು ಅಜ್ಜನಿಗೆ ಮುತ್ಯಾ ಅಂತೀವಿ. ‘ಬಂದರು, ಹೋದರು’ ಅನ್ನೋದಿಲ್ಲ, ‘ಮುತ್ಯಾ ಬಂದ’ ಅಷ್ಟೇ. ಬೆಂಗಳೂರಿನವರು ಬೇಜಾರು ಮಾಡ್ಕೋಬೇಡಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಶ್ರೀಶೈಲ ಇರೋದು ಆಂಧ್ರದ ನಲ್ಲಮಲ ಕಾಡಿನಲ್ಲಿ, ಗುಡ್ಡದ ಮೇಲೆ. 12 ಜ್ಯೋತಿರ್ಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನ ಅಲ್ಲಿದ್ದಾನೆ, ಪಕ್ಕದಲ್ಲೇ ಭ್ರಮರಾಂಬೆ. ಅಕ್ಕಮಹಾದೇವಿ ಕೊನೆಗೆ ಹೋಗಿ ಸೇರಿದ ಕದಳಿವನವೂ ಅಲ್ಲೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಕಡೆಯ ಮಂದಿ ಯುಗಾದಿಗೆ ಮಲ್ಲಯ್ಯನ ಕಂಬಿ ಹೊತ್ತು ನಡೆದೇ ಹೋಗ್ತಾರೆ. ನಮ್ಮೂರಿಂದ ಹತ್ತಿರ ಹತ್ತಿರ 400 ಕಿಲೋಮೀಟರ್. ಆತ್ಮಕೂರು ದಾಟಿ ವೆಂಕಟಾಪುರದ ಹತ್ತಿರ ಕಾಡು ಹೊಕ್ಕರೆ ಪೆದ್ದಚೆರುವು ಕೆರೆ, ಆಮೇಲೆ ಭೀಮನಕೊಳ್ಳ, ಅಲ್ಲಿಂದ ಉಸಿರು ಕೀಳೋ ಹಾಗೆ ಮೆಟ್ಟಿಲು ಹತ್ತಿ ಕೈಲಾಸ ಬಾಗಿಲು. ದಾರಿಯುದ್ದಕ್ಕೂ ಊರವರು ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಇಟ್ಟುಕೊಂಡು ಕಾಯ್ತಿರ್ತಾರೆ. ಗುರುತು ಪರಿಚಯ ಇಲ್ಲದವರ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತಾರೆ.

ಈ ಕಡೆಯ ಭಕ್ತರಿಗೆ ಭ್ರಮರಾಂಬೆ ಮನೆಮಗಳು. ಮಗಳಿಗೆ ಸೀರೆ, ಕುಪ್ಪಸದ ಖಣ, ಅರಿಶಿನ ಕುಂಕುಮ ಒಯ್ದು ಉಡಿ ತುಂಬೋದು ಪದ್ಧತಿ. ಅಂದಮೇಲೆ ಮಲ್ಲಿಕಾರ್ಜುನ ಏನಾದ? ಅಳಿಯ! ಮುತ್ಯಾ ಈ ಸಂಬಂಧವನ್ನ ಪೂರ್ತಿ ಬಳಸಿಕೊಂಡಿದ್ದ. ಮಳೆ ಬರದಿದ್ದರೆ, “ಅಳಿಯಗ ಈ ವರ್ಷ ಮಾವನ ಹೊಲದ ನೆನಪ ಇಲ್ಲ ನೋಡು” ಅಂತಿದ್ದ. ಶ್ರೀಶೈಲದಲ್ಲಿ ಲಿಂಗ ಮುಟ್ಟಿ ನಮಸ್ಕಾರ ಮಾಡೋ ಪದ್ಧತಿ ಇದೆಯಲ್ಲ, ಅದಕ್ಕೆ ಅವನು ಹೇಳ್ತಿದ್ದದ್ದು: “ಉಳಿದ ದೇವರ ಮುಂದ ದೂರ ನಿಂತು ಕೈ ಮುಗಿಬೇಕು. ಇಂವನ ತಲಿ ಹಿಡಿದು ಜಾಡಿಸಿ ಕೇಳಬಹುದು.”

ಹಾಗಂತ ಭಕ್ತಿ ಕಡಿಮೆ ಅನ್ಕೋಬೇಡಿ. ದಿನಾ ನಸುಕಿನಲ್ಲಿ ಎದ್ದು ಸ್ನಾನ, ಹಣೆ ತುಂಬ ಇಬತ್ತಿ, ಇಷ್ಟಲಿಂಗ ಪೂಜೆ. ಪೂಜೆ ಆಗದೆ ನೀರು ಕೂಡ ಇಲ್ಲ. ಆದರೆ ಕಣ್ಣು ಮುಚ್ಚಿ ಕೂತವನು ಆಯಿ ಒಲೆಗೆ ಚಹಾ ಇಟ್ಟ ಸದ್ದಾದ ಕೂಡಲೇ ಒಂದು ಕಣ್ಣು ತೆರೆದು ನಮಗೆ ಸನ್ನೆ ಮಾಡ್ತಿದ್ದ: ಸಕ್ಕರೆ ಜಾಸ್ತಿ.

ಅವನ ನಗು ನಿಲ್ಲೋ ಜಾಗ ಒಂದೇ ಇತ್ತು. ನಮ್ಮ ಅತ್ತೆ, ಅಂದ್ರೆ ಅವನ ಒಬ್ಬಳೇ ಮಗಳು, 2011ರಲ್ಲಿ ಬೇರೆ ಜಾತಿಯ ಮರಾಠಿ ಹುಡುಗನನ್ನ ಮದುವೆಯಾಗಿ ಸೊಲ್ಲಾಪುರದಲ್ಲಿ ಮನೆ ಮಾಡಿದಳು. ಅವತ್ತಿಂದ ಮಾತು ಬಂದ್. ಮಜಾ ಅಂದ್ರೆ, ಮಜಾ ಅನ್ನಬಾರದು ಇದನ್ನ, ಪ್ರತಿ ಬಸವ ಜಯಂತಿಗೆ ಕಟ್ಟೆ ಮೇಲೆ ಕೂತು ಕಲ್ಯಾಣದ ಕಥೆ ಹೇಳ್ತಿದ್ದವನು ಇವನೇ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನ ಕೊಟ್ಟಿದ್ದು, ಅದಕ್ಕೆ ಇಬ್ಬರು ಅಪ್ಪಂದಿರೂ ಜೀವ ತೆತ್ತಿದ್ದು. ಹೇಳ್ತಾ ಹೇಳ್ತಾ ಅಳ್ತಿದ್ದ. ಒಳಗೆ ರೊಟ್ಟಿ ಬಡೀತಿದ್ದ ಆಯಿಯ ಕೈ ಆಗ ಜೋರಾಗ್ತಿತ್ತು.

2020ಕ್ಕೆ ಬರ್ತೀನಿ. ಹೋಳಿ ಹುಣ್ಣಿಮೆ ಮುಗಿಸಿ, 72ನೇ ವಯಸ್ಸಿನಲ್ಲಿ, ಮುತ್ಯಾ ಎಂದಿನಂತೆ ಹೊರಟ. ಚೀಲದಲ್ಲಿ ದಾಳಿಂಬೆ ಕೆಂಪಿನ ಇಳಕಲ್ ಸೀರೆ. ರಾಯಚೂರು ದಾಟಿದ ಮೇಲೆ, ರೋಗ ಹರಡ್ತಿದೆ, ಮುಂದೆ ದರ್ಶನ ಇಲ್ಲ, ವಾಪಸ್ ಹೋಗಿ ಅಂದರಂತೆ. ಯಾವುದೋ ಟೆಂಪೋ ಹತ್ತಿ ಮನೆಗೆ ಬಂದಾಗ ಮಾರ್ಚ್ 24ರ ಸಂಜೆ. ಅದೇ ರಾತ್ರಿ 8ಕ್ಕೆ ಟಿವಿಯಲ್ಲಿ ಲಾಕ್‌ಡೌನ್ ಘೋಷಣೆ. ಮರುದಿನ ಯುಗಾದಿ. ಬೇವು ಬೆಲ್ಲ ತಿಂದು ಎಲ್ಲರೂ ಸುಮ್ಮನೆ ಕೂತಿದ್ವಿ. ಕಂಬಕ್ಕೆ ಸೀರೆಯ ಚೀಲ ನೇತಾಡ್ತಿತ್ತು.

ಆಯಿ ಆ ಚೀಲ ನೋಡಿ ಅಂದಳು: “ಮೂವತ್ತ ವರ್ಷ ಗುಡ್ಡದ ಮ್ಯಾಲಿನ ಮಗಳಿಗೆ ಸೀರಿ ಒಯ್ದ್ರಿ. ಸೊಲ್ಲಾಪುರದಾಗ ಇರೂ ಮಗಳು ಏನ್ ಉಟ್ಟಾಳು ಅಂತ ಒಂದ್ ದಿನಾರ ಕೇಳಿದ್ರ್ಯಾ?”

ಮುತ್ಯಾ ಉತ್ತರ ಕೊಡಲಿಲ್ಲ. ಎರಡು ದಿನ ಯಾರ ಜೊತೆಗೂ ಮಾತಿಲ್ಲ. ನಮಗೆ ಹೆದರಿಕೆ ಆಗೋಕೆ ಶುರುವಾಯ್ತು. ಮೂರನೇ ದಿನ ಪೂಜೆ ಮುಗಿಸಿ ನನ್ನ ಹತ್ತಿರ ಬಂದು, “ನಿನ್ನ ಫೋನಿನ್ಯಾಗ ಅಕಿ ನಂಬರ್ ಐತೇನೋ?” ಅಂದ. ಇತ್ತು. ದಿನಾ ವಾಟ್ಸಾಪಿನಲ್ಲಿ ಅತ್ತೆ ಜೊತೆ ನನ್ನ ಮಾತು ನಡೀತಾನೇ ಇತ್ತು, ಅವನಿಗೂ ಗೊತ್ತಿತ್ತು. ಹಚ್ಚಿಕೊಟ್ಟೆ.

“ನಾ ನಿಮ್ಮಪ್ಪ,” ಅಂದ. ಆಮೇಲೆ ಗಂಟಲು ಸರಿ ಮಾಡ್ಕೊಂಡು, “ಅಳಿಯನ ಊರಿಗೆ ಹೊಂಟಿದ್ದೆ, ದಾರಿ ಬಂದ್ ಆತು. ಇನ್ನೊಬ್ಬ ಅಳಿಯ ಅದಾನಲ್ಲ, ಅವನ ಊರಿನ ದಾರೀನೂ ಬಂದ್ ಐತೇನವ್ವಾ?”

ಆ ಕಡೆಯಿಂದ ಏನೂ ಕೇಳಲಿಲ್ಲ. ನೆಟ್‌ವರ್ಕ್ ಹೋಯ್ತೇನೋ ಅಂತ ಫೋನನ್ನ ತಿರುಗಿಸಿ ತಿರುಗಿಸಿ ನೋಡಿದ. ಹೋಗಿರಲಿಲ್ಲ.

ಸೊಲ್ಲಾಪುರ ನಮಗೆ ಬರೀ ನೂರು ಕಿಲೋಮೀಟರ್ ಆದರೂ ಮಹಾರಾಷ್ಟ್ರದ ಗಡಿ ಮುಚ್ಚಿತ್ತು. ಅತ್ತೆ ಬಂದಿದ್ದು ದೀಪಾವಳಿಗೆ. ಆಯಿ ಅದೇ ಸೀರೆ ಕೊಟ್ಟು ಉಡಿ ತುಂಬಿದಳು. ಮುತ್ಯಾ ‘ನಂದ ತಪ್ಪಾತು’ ಅಂತ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಒಂಬತ್ತು ವರ್ಷ ಅಂದ್ರೆ ಸಣ್ಣದಲ್ಲ. ಅತ್ತೆಯ ಬಸಿರು, ಬಾಣಂತನ ಎರಡೂ ತವರಿಲ್ಲದೆ ಆಗಿದ್ದವು. ಅವನನ್ನ ಎಷ್ಟು ಹಚ್ಚಿಕೊಂಡಿದ್ದರೂ, ಈ ಒಂದು ವಿಷಯಕ್ಕೆ ನನಗೆ ಅವನ ಮೇಲೆ ಇನ್ನೂ ಸಿಟ್ಟಿದೆ.

2023ರ ಮಳೆಗಾಲದಲ್ಲಿ ಮುತ್ಯಾ ಹೋದ. ಅದಕ್ಕೆ ಹಿಂದಿನ ವರ್ಷ, 2022ರಲ್ಲಿ, ಅವನು ಕೊನೆಯ ಸಲ ಶ್ರೀಶೈಲಕ್ಕೆ ಹೋಗಿದ್ದ. ಮೊಣಕಾಲು ಕೇಳಲಿಲ್ಲ, ಅದಕ್ಕೆ ಬಸ್ಸಿನಲ್ಲಿ. ಕರ್ಕೊಂಡು ಹೋಗಿದ್ದು ಸೊಲ್ಲಾಪುರದ ಮಾವ. ಮಾವನಿಗೆ ಕನ್ನಡ ಅಷ್ಟಕ್ಕಷ್ಟೇ, ಮೊದಲೇ ಮಾತು ಕಡಿಮೆ. ಅಲ್ಲಿಂದ ವಾಪಸ್ ಬಂದ ಮುತ್ಯಾನನ್ನ ದರ್ಶನ ಹೇಗಾಯ್ತು ಅಂತ ಕೇಳಿದೆ.

“ಇಬ್ಬರು ಅಳಿಯಂದಿರನ್ನ ಎದುರು ಬದುರು ನಿಂದ್ರಿಸಿದೆ,” ಅಂದ. “ಒಬ್ಬಂವ ಕಲ್ಲು, ಇನ್ನೊಬ್ಬಂವಗ ಮರಾಠಿ ಬಿಟ್ರ ಬ್ಯಾರೆ ಬರೂದಿಲ್ಲ. ನಡುವ ನಾ ಒಬ್ಬನ ಎಷ್ಟಂತ ಮಾತಾಡ್ಲೋ?”